ಕೊನೆಯ ಮಾತು ಮೂಗಿನದು

ಅತ್ತಿಗೆ ಗಾಜಿನ ಜಾಡಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. ಮತ್ತೆ ಮುಚ್ಚಳ ಹಾಕಿದರು.

"ವಾಸನೆ ಇದೆ. ಆಗಲ್ಲ."

ಮೈದುನ ಜಾಡಿಯನ್ನು ಹಿಂದಕ್ಕೆ ತೆಗೆದುಕೊಂಡ. ಇದು ಮೂರನೆಯ ಸಲ. ಫ್ಯಾಕ್ಟರಿಯಲ್ಲಿ ಅಂಟಿನ ವಿಭಾಗ ಅವನದು. ಎಳೆಮಕ್ಕಳ ಹಿಟ್ಟಿನ ಪೊಟ್ಟಣಕ್ಕೆ ಎರಡು ಹಾಳೆ ಸೇರಿಸಲು ಹೊಸ ಅಂಟು ತಂದವನೂ ಅವನೇ. ಅಂಟು ಸರಿಯಾಗಿ ಒಣಗದಿದ್ದರೆ ಅದರ ರಾಸಾಯನಿಕ ಒಳಹಾಳೆ ದಾಟಿ ಹಿಟ್ಟಿಗಿಳಿಯುತ್ತದೆ. ಅದಕ್ಕೇ ಹಾಳೆಯ ತುಂಡುಗಳನ್ನು ಜಾಡಿಯಲ್ಲಿಟ್ಟು, ಬೆಚ್ಚಗೆ ಮಾಡಿ, ಮೂಸಿ ನೋಡುವುದು. ಯಂತ್ರ ಮೂರು ಸಲವೂ ಪಾಸು ಮಾಡಿತ್ತು. ಆದರೆ ಯಜಮಾನರ ಕಟ್ಟಳೆಯೇ ಬೇರೆ: ಯಂತ್ರ ಏನೇ ಹೇಳಲಿ, ಕೊನೆಯ ಮಾತು ಮೂಗಿನದು. ಆ ಮೂಗು ಅತ್ತಿಗೆಯದು.

"ಇನ್ನೊಂದ್ಸಲ ನೋಡಿ ಅತ್ತಿಗೆ. ಹಿಟ್ಟಿನ ಕಂಪನಿಯವರು ನಾಳೆ ನಮ್ಮ ಎದುರಾಳಿ ಫ್ಯಾಕ್ಟರಿಗೆ ಹೋಗ್ತಾರಂತೆ. ಅವರು ಹೋದ್ರೆ ನನ್ನ ಕೆಲಸಾನೂ ಹೋದ ಹಾಗೇ."

"ನೂರು ಸಲ ನೋಡಿದ್ರೂ ಅಷ್ಟೇ ಕಣಪ್ಪ."

ಕಡ್ಡಿ ಮುರಿದಂಥ ಮಾತು. ಆದರೆ ಅತ್ತಿಗೆ ಅವನ ಮುಖ ನೋಡಲಿಲ್ಲ. ಜ್ವರದಿಂದ ಎದ್ದು ಕೆಲಸಕ್ಕೆ ಬಂದಾಗಿನಿಂದ ಹೀಗೇ. ಅನುಮಾನ ಹುಟ್ಟಿದ್ದು ಮಾತ್ರ ಮನೆಯಲ್ಲಿ. ಹೋದ ವಾರ ಒಲೆಯ ಮೇಲೆ ಹಾಲು ಸೀದು ಕರಕಲಾಗಿತ್ತು. ಆಚೆ ಮುಖ ತಿರುಗಿಸಿ ಕೂತಿದ್ದ ಅತ್ತಿಗೆ ಫೋನಿನಲ್ಲಿ ಮುಳುಗಿದ್ದರು. "ಹೊರಗೆ ಯಾರಿಗೂ ಗೊತ್ತಾಗೋದು ಬೇಡ ಸಾರ್. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ." ಅಣ್ಣ ಗೊಣಗುತ್ತ ಪಾತ್ರೆ ತಿಕ್ಕಲು ಕೂತ. ಮೈದುನನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಆ ಎದುರಾಳಿ ಫ್ಯಾಕ್ಟರಿಯವರು ಅತ್ತಿಗೆಯನ್ನು ಕೊಂಡುಕೊಂಡಿದ್ದಾರೆ. ಬೇರೆ ಅರ್ಥವೇ ಇಲ್ಲ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಅದೂ ಕೈಹಿಡಿದು ಕರೆತಂದು ತನ್ನನ್ನು ಈ ಕೆಲಸಕ್ಕೆ ಸೇರಿಸಿದ ಅತ್ತಿಗೆ. ಅವನಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಅಂಟಿನ ಗಾಳಿಯೂ ಸೋಕದ ಹೊಸ ಹಾಳೆಯನ್ನು ಕತ್ತರಿಸಿ, ತೊಳೆದ ಜಾಡಿಯಲ್ಲಿಟ್ಟು ಬೆಚ್ಚಗೆ ಮಾಡಿದ. ತಾನೇ ಮೂಸಿದ. ಪ್ಯಾಕಿಂಗಿನವರಿಗೂ ಮೂಸಲು ಕೊಟ್ಟ. "ಇದ್ರಲ್ಲೇನಿದೆ, ಬರೀ ಗಾಳಿ" ಎಂದು ಅವರು ನಕ್ಕರು.

"ಇದೊಂದು ಕೊನೇದು ಅತ್ತಿಗೆ."

ಈ ಸಲ ಅವರು ಬಹಳ ಹೊತ್ತು ಮೂಸಿದರು. ಜಾಡಿಯನ್ನು ಮೇಜಿನ ಮೇಲಿಟ್ಟರು.

"ಇದೂ ಬೇಡ. ವಾಸನೆ ಇದೆ" ಎಂದವರೇ ಎದ್ದು ಹೊರಟುಬಿಟ್ಟರು.

ಸಿಕ್ಕಿಬಿದ್ದಿದ್ದರು. ಗೆದ್ದ ಖುಷಿ ಬರಬೇಕಿತ್ತು. ಬಂದದ್ದು ಅಳು. ಯಜಮಾನರಿಗೆ ಹೇಳುವ ಮೊದಲು ಮುಖಾಮುಖಿ ಕೇಳಿಯೇಬಿಡೋಣವೆಂದು ಅವನು ಚಹಾ ಕೋಣೆಗೆ ನಡೆದ. ಆಡಬೇಕಾದ ಮಾತುಗಳನ್ನೆಲ್ಲ ಬಾಯಲ್ಲೇ ಜೋಡಿಸಿಕೊಂಡು ಬಾಗಿಲು ತಳ್ಳಿದ.

ಗ್ಯಾಸು ಗಪ್ಪೆಂದು ಮುಖಕ್ಕೆ ಬಡಿಯಿತು. ಒಲೆಯ ತಿರುಪನ್ನು ಯಾರೋ ಪೂರ್ತಿ ಮುಚ್ಚಿರಲಿಲ್ಲ. ಒಲೆಯ ಮುಂದೆ ಅತ್ತಿಗೆ ನಿಂತಿದ್ದರು. ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಗೀರಲು ಎತ್ತಿದ ಕಡ್ಡಿ.

ಅವನು ಹಾರಿ ಆ ಕೈಗೆ ಹೊಡೆದ. ತಿರುಪು ಮುಚ್ಚಿ, ಕಿಟಕಿ ತೆರೆದು, ಅವರನ್ನು ಹೊರಗೆ ಎಳೆದುಕೊಂಡು ಬಂದ.

"ಕೋಣೆ ತುಂಬಾ ಗ್ಯಾಸು ಅತ್ತಿಗೆ. ಬಾಗಿಲಿಗೇ ಬಡೀತಿದೆ. ನಿಮಗೆ ಗೊತ್ತಾಗ್ಲಿಲ್ವಾ?"

ಅತ್ತಿಗೆ ಗೋಡೆಗೆ ಒರಗಿ ಕುಸಿದು ಕೂತರು.

"ಜ್ವರ ಬಿಟ್ಟಾಗಿನಿಂದ ನನಗೆ ಯಾವ ವಾಸನೇನೂ ಬರ್ತಿಲ್ಲ ಕಣಪ್ಪ, ಫೋನಲ್ಲಿ ಡಾಕ್ಟರಿಗೆ ಬಿಟ್ರೆ ಯಾರಿಗೂ ಹೇಳಿಲ್ಲ; ಗೊತ್ತಾಗದ್ದನ್ನ ಮಕ್ಕಳ ಬಾಯಿಗೆ ಹೇಗೆ ಕಳಿಸ್ಲಿ ಅಂತ ಎಲ್ಲಾನೂ ಬೇಡ ಅಂದೆ."