ಒಂದು ಗಾಡಿ ಗರಸು

ಪಕ್ಕದ ಮನೆಯವರು ಪಾಯ ತುಂಬಲು ತರಿಸಿದ ಹಸಿ ಗರಸುಮಣ್ಣಿನ ವಾಸನೆ ಒಳಗೆ ಬಂದರೆ ನಾನು ಇಂದಿಗೂ ಕಿಟಕಿ ಮುಚ್ಚುತ್ತೇನೆ.

ನಮ್ಮ ಶಿರೋಳ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಕಪ್ಪು ಮಣ್ಣಿನ ಎರೆಹೊಲದಲ್ಲಿ ತೋಡುತ್ತಿದ್ದ ಹೊಸ ಬಾವಿಯ ಬದಿ ಕುಸಿದು, ಒಳಗಿದ್ದ ಕಾಕಾ, ಅಪ್ಪನ ತಮ್ಮ, ಮಣ್ಣಿನಡಿ ಉಳಿದುಬಿಟ್ಟ. ಊರವರು ಮೂರು ದಿನ ಅಗೆದರು. ಅಗೆದಷ್ಟೂ ಬದಿ ಜಾರಿ ಬೀಳುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಸಲಿಕೆ ಕೆಳಗಿಟ್ಟ.

"ಇನ್ನೊಬ್ಬರನ್ನ ಇಳಿಸೂದು ಬ್ಯಾಡ. ಎರಿ ನುಂಗಿದ್ದ ತಿರುಗಿ ಕೊಡೂದಿಲ್ಲ. ಮುಚ್ಚೂಣು."

ಮೊದಲು ತೆಗೆದ ಮಣ್ಣನ್ನೆಲ್ಲ ಹೊಲಕ್ಕೆ ಹರಡಿಯಾಗಿತ್ತು. ಮುಚ್ಚಲು ಹಳ್ಳದ ಗರಸೇ ಬೇಕಿತ್ತು. ಅಜ್ಜ ಬಾವಿಯ ಬಾಯಿಗೆ ಹಗ್ಗ ಹಿಡಿದು ಅಗಲ ಅಳೆದ. ಅದೇ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿದ. ಒರಟು ಹಗ್ಗ ಅವನ ಅಂಗೈಯಲ್ಲಿ ಸರಸರ ಸರಿಯುತ್ತಿತ್ತು. ಆಮೇಲೆ ಬಹಳ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದ.

"ಅರವತ್ತ ಗಾಡಿ ಬೇಕು. ಮಳಿಗೆ ಕುಂತು ತೆಗ್ಗ ಬೀಳತೈತಿ, ಇನ್ನೂ ಹತ್ತ ಹೆಚ್ಚಿಗಿ ತರಸು."

ಬೇವಿನ ಗಿಡದಡಿ ಅವ್ವನ ತೊಡೆಗೆ ಒರಗಿದ್ದ ಚಿಗವ್ವ, ಕಾಕಾನ ಹೆಂಡತಿ, ಎದ್ದು ಬಂದಳು. ಮಾವನೆದುರು ಆಕೆ ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸೆರಗು ಹಣೆಯ ಮೇಲೆ ಎಳೆದುಕೊಂಡು ಕೇಳಿದಳು:

"ಮಾವಾರ, ಅವರು ಅಲ್ಲೇ ಅದಾರಲ್ರಿ. ಅವರ ಜಾಗಾ ಬಿಟ್ಟು ಲೆಕ್ಕಾ ಹಿಡದ್ರೇನ್ರಿ?"

ಹಗ್ಗ ಸುತ್ತುತ್ತಿದ್ದ ಅಜ್ಜನ ಕೈ ನಿಂತಿತು. ಅಪ್ಪನ ಕಡೆ ತಿರುಗಿ, ಆಕೆಗೂ ಕೇಳುವಂತೆ ಹೇಳಿದ:

"ಒಂದ ಗಾಡಿ ಕಡಿಮಿ ತರಸು."