ಅಪ್ಪ ಹೂಳಿದ ಕೊಳವೆ

ಮೂರನೆಯ ಗುಂಡಿಯಲ್ಲೂ ಕೊಳವೆ ಸಿಗಲಿಲ್ಲ. ಸೊಂಟದಾಳದ ಗುಂಡಿಯೊಳಗೆ ನಿಂತಿದ್ದ ಪ್ಲಂಬರ್ ಸಲಿಕೆಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, "ಇಲ್ಲೇ ಇರಬೇಕಿತ್ತು" ಎಂದ. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅವನ ತಂಗಿ ಏನೂ ಹೇಳಲಿಲ್ಲ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು ಅವಳು. ಅಂಥವಳು ಬಾಯಿ ಮುಚ್ಚಿಕೊಂಡಿದ್ದಾಳೆಂದರೆ ಒಳ್ಳೆಯ ಲಕ್ಷಣವಲ್ಲ ಎಂದು ಅವನಿಗೆ ಗೊತ್ತಿತ್ತು.

ಹೊಲ ಅವಳದ್ದು. ಪಾಲಾದಾಗ ಪೇಟೆಯ ಮನೆ ಅವನಿಗೆ ಬಂತು, ಈ ಮೂರೆಕರೆ ಅವಳಿಗೆ. ಐವತ್ತು ವರ್ಷದ ಹಿಂದೆ ಇದು ಮೊಣಕಾಲುದ್ದ ನೀರು ನಿಲ್ಲುವ ಜವುಗು. ಅಪ್ಪ ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂಳಿ, ನೀರನ್ನೆಲ್ಲ ಹಳ್ಳಕ್ಕೆ ಹರಿಸಿ, ಜವುಗನ್ನು ಹೊಲ ಮಾಡಿದ್ದ. ಈಗ ತಂಗಿ ಹೊಲವನ್ನು ಮತ್ತೆ ಜವುಗು ಮಾಡಲು ಹೊರಟಿದ್ದಳು. ಅವಳೇ ಕರೆಸಿದ್ದ ಜವುಗು ನೆಲದ ವಿಷಯ ಓದಿದ ಹುಡುಗಿಯೊಬ್ಬಳು ಬಂದು, ಕೊಳವೆಯನ್ನು ಒಂದು ಕಡೆ ಒಡೆಯಿರಿ, ಹಳ್ಳದ ಕಡೆಯ ಬಾಯಿ ಮುಚ್ಚಿ ಹೊಲದ ಕಡೆಯದನ್ನು ತೆರೆದುಬಿಡಿ, ಮಿಕ್ಕಿದ್ದನ್ನು ನೀರು ನೋಡಿಕೊಳ್ಳುತ್ತದೆ, ಹಳೆಯ ಜೊಂಡಿನ ಬೀಜ ಮಣ್ಣಿನಲ್ಲೇ ಮಲಗಿರುತ್ತದೆ ಎಂದು ಹೇಳಿ ಹೋಗಿದ್ದಳು. ಕೊಳವೆ ಎಲ್ಲಿದೆ ಎಂಬುದಕ್ಕೆ ನಕ್ಷೆಯಿರಲಿಲ್ಲ. ಹೂಳುವಾಗ ಅಪ್ಪನ ಜೊತೆಗಿದ್ದವನು ಇವನೊಬ್ಬನೇ, ಆಗ ಹನ್ನೊಂದು ವರ್ಷ.

"ಯಂತ್ರ ತರಿಸಿ ಅಗೆಸಿಬಿಡು, ಎಲ್ಲಾದ್ರೂ ಸಿಗತ್ತೆ," ಎಂದ.

"ಹೊಲ ಪೂರ್ತಿ ಬಗೆದ ಮೇಲೆ ಬೀಜ ಎಲ್ಲಿ ಉಳಿಯತ್ತೆ?"

"ಉಳಿದು ಏನಾಗಬೇಕೇ? ಕಪ್ಪೆ ಸಾಕ್ತೀಯಾ?"

"ಸಾಕ್ತೀನಿ. ಬಸ್ಸಲ್ಲಿ ಸಹಿಸಿದ್ದಕ್ಕಿಂತ ಕಡಿಮೆ ಗಲಾಟೆ." ಅವಳು ಪಂಪಿನ ಮನೆಯ ಕಡೆ ಗದ್ದ ಎತ್ತಿದಳು. "ಆ ಮೆಟ್ಟಿಲು ನೋಡು. ಅಪ್ಪ ಕಟ್ಟಿದಾಗ ನೆಲಕ್ಕೆ ತಾಗ್ತಿತ್ತು. ಈಗ ಹತ್ತೋಕೆ ಕೆಳಗೊಂದು ಕಲ್ಲು ಬೇಕು. ಒಣಗಿ ಒಣಗಿ ನೆಲ ಒಂದಡಿ ಕೂತುಬಿಟ್ಟಿದೆ. ನಾವು ಉಳ್ತಾ ಇದ್ದದ್ದು ಮಣ್ಣಲ್ಲ ಅಣ್ಣ, ಬೂದಿ."

"ಅಪ್ಪನ ಬೆನ್ನು ಹೋಗಿದ್ದು ಈ ಕೊಳವೆಗೆ. ಅದು ನೆನಪಿರಲಿ."

"ಆ ಬೆನ್ನಿಗೆ ಎಣ್ಣೆ ತಿಕ್ಕಿದವಳಿಗೆ ನೆನಪಿರಲ್ವಾ? ಮೇಲೆ ಬಾ, ಒಂದು ತೋರಿಸ್ತೀನಿ."

ಅವನು ಅಂಗೈ ಊರಿ ಮೇಲೆ ಬಂದ. ರಾತ್ರಿ ಮಳೆ ಬಿದ್ದಿತ್ತು. ಹೊಲವೆಲ್ಲ ಕಪ್ಪಗೆ ನೆಂದಿತ್ತು, ಒಂದು ಪಟ್ಟಿ ಬಿಟ್ಟು. ಪಂಪಿನ ಮನೆಯ ಮೂಲೆಯಿಂದ ಹಳ್ಳದವರೆಗೆ ಮೊಳದಗಲದ ಗೆರೆಯೊಂದು ಆಗಲೇ ಒಣಗಿ ಬೆಳ್ಳಗಾಗಿತ್ತು. ದಾರ ಹಿಡಿದು ಎಳೆದಷ್ಟು ನೇರ. ಅವನು ತೋಡಿದ ಮೂರು ಗುಂಡಿಗಳೂ ಅದರಿಂದ ಇಪ್ಪತ್ತು ಹೆಜ್ಜೆ ಆಚೆಗಿದ್ದವು.

"ಕೊಳವೆ ಮೇಲಿನ ಮಣ್ಣು ಮೊದಲು ಒಣಗತ್ತಂತೆ. ಆ ಹುಡುಗಿ ಹೇಳಿದ್ಲು. ನೀನು ಬರೋ ಮುಂಚೆನೇ ನೋಡಿದ್ದೆ."

"ನೋಡಿಯೂ ನನ್ನ ಕೈಲಿ ಈ ಗುಂಡಿ ತೋಡಿಸಿದ್ಯಾ?"

"ನೀನೇ ಹೇಳ್ತೀಯೇನೋ ಅಂತ. ಬಸ್ಸು ಎಲ್ಲಿ ಹತ್ತಿದೆ ಅಂತ ಸುಳ್ಳು ಹೇಳೋ ಮುಖಾನ ಮೂವತ್ತು ವರ್ಷ ನೋಡಿದ್ದೀನಿ. ದಂಡ ಹಾಕೋ ಮುಂಚೆ ಎಲ್ಲರಿಗೂ ಎರಡು ಸ್ಟಾಪ್ ಟೈಮ್ ಕೊಡ್ತಿದ್ದೆ."

ಅವನು ಸಲಿಕೆಯನ್ನು ನೆಲಕ್ಕೆ ಎಸೆದ. "ಗೊತ್ತಾಯ್ತಲ್ಲ, ನೀನೇ ಒಡೆದ್ಕೋ."

"ಒಡೆಯೋದು ನನ್ನ ಕೈಲೂ ಆಗತ್ತೆ. ಹಳ್ಳದ ಕಡೆ ಮುಚ್ಚೋಕೆ ನೀನು ಬೇಕು. ನಾನು ಮುಚ್ಚಿದ್ರೆ ಸೋರತ್ತೆ."

ಅವನು ಹಳ್ಳದ ಕಡೆ ಮುಖ ತಿರುಗಿಸಿದ. ತನ್ನ ಹೊಲದಲ್ಲಿ, ತನ್ನ ಕಣ್ಣೆದುರಿಗೆ, ಯಾರೋ ಕಸುಬು ಗೊತ್ತಿಲ್ಲದವರು ಮುಚ್ಚಿದ ಬಾಯಿ ಸೋರುತ್ತ ಇರುವುದನ್ನು ನೆನೆಸಿಕೊಂಡ. ತನ್ನ ಹೊಲವಲ್ಲ, ಅವಳದ್ದು. ಆದರೂ. ಬಗ್ಗಿ ಸಲಿಕೆ ಎತ್ತಿಕೊಂಡ.

ಬೆಳ್ಳನೆಯ ಗೆರೆಯ ಮೇಲೆ ಎದೆಮಟ್ಟ ತೋಡುವಷ್ಟರಲ್ಲಿ ಕೆಂಪು ಕೊಳವೆ ಕಂಡಿತು. ಅಡಿಯುದ್ದದ ತುಂಡುಗಳು, ಒಂದರ ಬಾಯಿಗೊಂದು. ಹೂಳುವಾಗ ಪ್ರತಿ ತುಂಡಿನೊಳಗೂ ಇಣುಕಿ ನೋಡುವುದು ಅವನ ಕೆಲಸವಾಗಿತ್ತು. ಆಚೆ ತುದಿಯಿಂದ ಅಪ್ಪ "ಬೆಳಕು ಕಾಣ್ತಾ?" ಎಂದು ಕೂಗುತ್ತಿದ್ದ. ಈಗ ರಸಮಟ್ಟ ಇಟ್ಟು ನೋಡಿದ. ಐವತ್ತು ವರ್ಷವಾದರೂ ಹಳ್ಳದ ಕಡೆಗೆ ಅಪ್ಪ ಕೊಟ್ಟ ಕೂದಲೆಳೆಯಷ್ಟು ಇಳಿಜಾರನ್ನೇ ಗುಳ್ಳೆ ತೋರಿಸಿತು. "ನೋಡು," ಎಂದ ತಂಗಿಗೆ. ಅವಳು ಬಗ್ಗಿ ನೋಡಿ, "ಹೂಂ" ಎಂದಳು. ಆಮೇಲೆ ಅವನು ಸುತ್ತಿಗೆ ಕೇಳಿ ಇಸಕೊಂಡ.

ನಾಲ್ಕು ತುಂಡು ಒಡೆದು ತೆಗೆದ. ಹಳ್ಳದ ಕಡೆಯ ಬಾಯಿಗೆ ಜೇಡಿಮಣ್ಣನ್ನು ಉಂಡೆಯುಂಡೆಯಾಗಿ ತುರುಕಿ, ಸುತ್ತಿಗೆಯ ಹಿಡಿಯಿಂದ ಜಡಿದು, ಅಂಚನ್ನು ಬೆರಳಿನಿಂದ ಸವರಿದ. ಒಂದು ಹನಿಯೂ ಜಿನುಗುವಂತಿರಲಿಲ್ಲ. ಹೊಲದ ಕಡೆಯ ಬಾಯಿಯಿಂದ ಮೊದಲು ತುಕ್ಕಿನ ಬಣ್ಣದ ಎಳೆ ಬಂತು, ಆಮೇಲೆ ಕೊಳವೆ ತುಂಬ ನೀರು. ಹೋಗಲು ದಾರಿಯಿಲ್ಲದೆ ಅದು ಗುಂಡಿಯಲ್ಲೇ ಏರತೊಡಗಿತು. ಪಾದ ಮುಳುಗಿತು, ಕಾಲ ಹರಡು ಮುಳುಗಿತು.

ಊರಿನ ಅಡುಗೆಮನೆ, ಬಚ್ಚಲು, ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ಸೋರಿಕೆ ನಿಲ್ಲಿಸಿದ ಕೈ ತಾನಾಗಿ ಹೋಗಿ ಆ ಬಾಯಿಯ ಮೇಲೆ ಕೂತಿತು.

ತಂಗಿ ಮೇಲಿನಿಂದ ನೋಡುತ್ತ ಸ್ವಲ್ಪ ಕಾದಳು.

"ಅಣ್ಣ, ಕೈ ತೆಗಿ."

"ತೆಗೀತೀನಿ ಇರು," ಎಂದ. ನೀರು ಬೆರಳುಗಳ ಸಂದಿಯಿಂದ ಬರುತ್ತಲೇ ಇತ್ತು. ಮಣಿಕಟ್ಟು ಆಗಲೇ ಮುಳುಗಿತ್ತು.