ಎರಡು ಪೆಟ್ಟಿನಷ್ಟು ಜಾಗ

ಅಜ್ಜ ಕಲಿಸಿಹೋದ ಹಳೇ ಹಾಡಿನ ನಟ್ಟನಡುವೆ ಪಿಟೀಲಿನವಳು ಎಂದಿನಂತೆ ಕಮಾನನ್ನು ತಂತಿಯಿಂದ ಎತ್ತಿದಳು. ಕಿಟಕಿಯ ಬಿಸಿಲಲ್ಲಿ ತೇಲುತ್ತಿದ್ದ ಧೂಳೂ ನಿಂತಂತಾಯಿತು. ಅಲ್ಲಿ ಯಾಕೆ ನಿಲ್ಲಿಸಬೇಕೆಂದು ಮೇಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ನಿಲ್ಲಿಸುತ್ತಿದ್ದ, ಇವರೂ ಊರೂರು ಸುತ್ತುತ್ತ ನಿಲ್ಲಿಸುತ್ತಲೇ ಬಂದಿದ್ದರು. "ಮುದುಕನಿಗೆ ದಮ್ಮು ಸಾಲ್ತಿರಲಿಲ್ಲ ಬಿಡೇ," ಎಂದು ಡೋಲು ಬಾರಿಸುವ ಚಿಕ್ಕಪ್ಪ ನಗುವುದಿತ್ತು.

ಟಪ್, ಟಪ್.

ಹಾಡು ಕೇಳಲು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿ ಕಣ್ಣು ಮುಚ್ಚಿಕೊಂಡೇ, ಕನಸಿನಲ್ಲಿ ಬಾಗಿಲು ತಟ್ಟುವವಳಂತೆ, ಊರುಗೋಲಿನಿಂದ ನೆಲ ಕುಟ್ಟಿದ್ದಳು. ಆ ಎರಡು ಪೆಟ್ಟು ಖಾಲಿ ಜಾಗದಲ್ಲಿ ಹೇಳಿ ಮಾಡಿಸಿದಂತೆ ಕೂತವು. ಚಿಕ್ಕಪ್ಪನ ಕೈ ಡೋಲಿನ ಮೇಲೇ ಉಳಿಯಿತು. ಕಮಾನು ಗಾಳಿಯಲ್ಲೇ ಇತ್ತು.

"ಯಾಕೆ ಮಗಳೇ, ನಿಂತೇಬಿಟ್ಟೆ?" ಮುದುಕಿ ಕಣ್ಣು ಬಿಟ್ಟಳು. "ಕೇಳೋರ ಪಾಲು ಆಯ್ತಲ್ಲ. ಇನ್ನು ನಿಂದು ನುಡಿಸು."